ಐದಕ್ಕೂ ಆರಕ್ಕೂ ನಡುವೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದೆ ಬಿಟ್ಟ ಮಾತಿನ ಗತಿ ಏನೆಂದು ಅವರು ಹೇಳಿ ಹೋಗಲಿಲ್ಲ. ಅದನ್ನು ತಿಳಿಯುವ ಪಾಲು ಒಬ್ಬ ರಿಪೇರಿಯವನಿಗೆ ಬಂತು.

ಅಂಗಿಯ ಜೇಬಿನಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಟೆಸ್ಟರ್ ಎಂದೇ ಕರೆಯುತ್ತಿದ್ದರು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಮೈಕ್ರೋವೇವ್ ಒಲೆ, ಕೆಟ್ಟದ್ದು ಯಾವುದೇ ಬರಲಿ, ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದೇ ಮುಚ್ಚಳಕ್ಕೆ ಕೈ ಹಾಕುವವನು. ಮೂವತ್ತು ವರ್ಷದಲ್ಲಿ ಅವನ ಕೆಲಸದಿಂದ ಒಬ್ಬರಿಗೂ ಕೇಡಾಗಿರಲಿಲ್ಲ. ಅದೊಂದೇ ತನ್ನ ಆಸ್ತಿ ಎಂದು ಅವನು ನಂಬಿದ್ದ.

ಒಂದು ಮಧ್ಯಾಹ್ನ ಅವನ ತಮ್ಮನ ಮಗಳು ಅಂಗಡಿಗೆ ಓಡಿಬಂದಳು. ಎರಡು ಬೀದಿಯಾಚೆ ಒಂದು ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಅವಳದು.

"ದೊಡ್ಡಪ್ಪಾ, ನೀವು ಫೇಮಸ್ ಆಗ್ಬಿಟ್ರಿ!"

"ಏನು, ಪೊಲೀಸ್ನೋರು ಹುಡುಕ್ತಿದ್ದಾರಾ?"

"ತಮಾಷೆ ಸಾಕು, ಇಲ್ನೋಡಿ."

ಇಂಟರ್‌ನೆಟ್ಟಿನ ಮೂಲೆಮೂಲೆ ಕೆದಕಿ, ಸಿಕ್ಕಿದ ಸ್ವಾರಸ್ಯಗಳನ್ನು ವಾರಕ್ಕೊಮ್ಮೆ ಪಟ್ಟಿ ಮಾಡಿ ಲಕ್ಷಾಂತರ ಜನರಿಗೆ ಕಳಿಸುವ ಪುಣ್ಯಾತ್ಮನೊಬ್ಬನಿದ್ದ. ಆ ವಾರದ ಪಟ್ಟಿಯಲ್ಲಿ ಮೊದಲನೆಯದು ಬೆಕ್ಕು ಕೂಗಿದರೆ ಬಾಗಿಲು ತೆರೆಯುವ ಪ್ರೋಗ್ರಾಂ. ಎರಡನೆಯದು ಹಳೆಯ ಕ್ಯಾಲ್ಕುಲೇಟರಿನಲ್ಲಿ ಆಡುವ ಚದುರಂಗ. ಮೂರನೆಯದಕ್ಕೆ ಅವನು ಹೀಗೆ ಬರೆದಿದ್ದ: 'ಮೈಕ್ರೋವೇವ್ ಒಲೆಯ ರಿಪೇರಿ, ಹನ್ನೆರಡೇ ಸಾಲಿನಲ್ಲಿ. ಟೆಸ್ಟರ್ ಎಂಬ ಯಾರೋ ಮೆಕ್ಯಾನಿಕ್ ಹದಿಮೂರು ವರ್ಷದ ಹಿಂದೆ ಬರೆದದ್ದು. ಮಗುವಿಗೂ ಅರ್ಥವಾಗುತ್ತದೆ.'

ಟೆಸ್ಟರ್‌ಗೆ ನೆನಪಾಯಿತು. ಆಗ ಸೊಂಟ ಹಿಡಿದು ಮೂರು ತಿಂಗಳು ಮನೆಯಲ್ಲಿ ಮಲಗಿದ್ದ. ಹೊತ್ತು ಹೋಗದೆ, ರಿಪೇರಿಯವರು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ಒಂದು ತಾಣದಲ್ಲಿ ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಬರೆದಿದ್ದ. ಅದರ ಕೆಳಗೆ ಈಗ ನಾಲ್ಕು ಸಾವಿರ ಧನ್ಯವಾದಗಳಿದ್ದವು. "ಓದಮ್ಮ, ಕೇಳೋಣ" ಎಂದ. ಮುಖ ಅರಳಿತ್ತು.

ಅವಳು ಓದಿದಳು. "ಒಂದು, ಪ್ಲಗ್ ಕಿತ್ತುಹಾಕಿ." ಅವಳು ಓದುತ್ತಿದ್ದಂತೆ ಅವನ ಕೈಗಳು ಗಾಳಿಯಲ್ಲಿ ತಾವೇ ಕೆಲಸ ಮಾಡತೊಡಗಿದವು. "ಐದು, ಮುಚ್ಚಳ ತೆಗೆದಿಡಿ. ಆರು, ಡಯೋಡ್ ಬಿಚ್ಚಿ."

ಟೆಸ್ಟರ್‌ನ ಬಲಗೈ ಗಾಳಿಯಲ್ಲೇ ನಿಂತುಬಿಟ್ಟಿತು. ಐದು ಮುಗಿದೊಡನೆ ಅದು ಇಲ್ಲದ ಸ್ಕ್ರೂಡ್ರೈವರ್ ಒಂದನ್ನು ಎತ್ತಿಕೊಂಡಿತ್ತು.

"ಇನ್ನೊಂದ್ಸಲ ಓದು. ಐದರಿಂದ."

ಇನ್ನೊಂದು ಸಲ ಓದಿದರೂ ಅಷ್ಟೇ ಇತ್ತು. ಪ್ಲಗ್ ಕಿತ್ತರೂ ಆ ಒಲೆಯ ಕಂಡೆನ್ಸರ್ ಒಳಗೆ ಕರೆಂಟು ಹಿಡಿದಿಟ್ಟುಕೊಂಡಿರಬಹುದು, ಸತ್ತಂತೆ ಬಿದ್ದ ಹಾವು ಹಲ್ಲಿನಲ್ಲಿ ವಿಷ ಇಟ್ಟುಕೊಂಡ ಹಾಗೆ. ಬಲ್ಲವನು ಮೊದಲು ಸ್ಕ್ರೂಡ್ರೈವರ್ ತಾಗಿಸಿ ಅದನ್ನು ಖಾಲಿ ಮಾಡದೆ ಬೆರಳಿಡುವುದಿಲ್ಲ. ಟೆಸ್ಟರ್ ಅದನ್ನೇ ಬರೆದಿರಲಿಲ್ಲ. ಕೈಗೆ ಅಷ್ಟು ರೂಢಿಯಾದದ್ದು ಬಾಯಿಗೆ ಬರುವುದಿಲ್ಲ. ಊಟ ಮಾಡಿ ಎನ್ನುವವರು ಬಾಯಿ ತೆಗೆಯಿರಿ ಎನ್ನುತ್ತಾರೆಯೇ? ಕಸುಬಿನವರಿಗಾಗಿ ಬರೆದ ಮಾತು ಈಗ ಮಗುವಿಗೂ ಅರ್ಥವಾಗುತ್ತಿತ್ತು.

"ಅಳಿಸಮ್ಮಾ ಅದನ್ನ. ಈಗಲೇ."

"ಪಾಸ್‌ವರ್ಡ್ ಹೇಳಿ."

ಪಾಸ್‌ವರ್ಡ್ ಮರೆತುಹೋಗಿತ್ತು. ಹೊಸದು ಬರಬೇಕಾದ ಮೇಲ್ ವಿಳಾಸ ಅದನ್ನು ಕೊಟ್ಟಿದ್ದ ಕಂಪನಿಯ ಜೊತೆಗೇ ಮುಚ್ಚಿಹೋಗಿತ್ತು. ತಾಣ ನೋಡಿಕೊಳ್ಳುತ್ತಿದ್ದವನಿಗೆ ಅವಳು ಬರೆದ ಪತ್ರ ಗೋಡೆಗೆ ಎಸೆದ ಚೆಂಡಿನಂತೆ ವಾಪಸು ಬಂತು. ಉತ್ತರದ ಕೆಳಗೆ ಹೊಸದಾಗಿ ಒಂದು ಸಾಲು ಬರೆಯುವುದಕ್ಕೂ ಈಗ ಯಾರಿಂದಲೂ ಆಗುತ್ತಿರಲಿಲ್ಲ. ಓದಬಹುದಿತ್ತು, ಅಷ್ಟೇ.

ಹುಡುಗಿ ಸೋಲುವವಳಲ್ಲ. ಆ ಹನ್ನೆರಡು ಸಾಲು ಎಲ್ಲೆಲ್ಲಿವೆ ಎಂದು ಹುಡುಕುವ ಪ್ರೋಗ್ರಾಂ ಬರೆದಳು. ಮೊದಲ ದಿನ ಇನ್ನೂರ ಹನ್ನೆರಡು ಕಡೆ ಸಿಕ್ಕಿತು. ವಾರ ಕಳೆಯುವಷ್ಟರಲ್ಲಿ ಮುನ್ನೂರ ನಲವತ್ತಾಯಿತು. ಯಾರೋ ಅದಕ್ಕೆ ಸಂಗೀತ ಸೇರಿಸಿ ವಿಡಿಯೋ ಮಾಡಿದ್ದರು. ಇಬ್ಬರೂ ಕೂತು ಎಲ್ಲರಿಗೂ ಪತ್ರ ಬರೆದರು. ಆರು ಜನ ತೆಗೆದರು. ಒಬ್ಬ ಮಾತ್ರ ಕೇಳಿದ: 'ನೀವೇ ಟೆಸ್ಟರ್ ಅನ್ನೋದಕ್ಕೆ ಏನು ಪುರಾವೆ?' ಪಟ್ಟಿಯ ಪುಣ್ಯಾತ್ಮ ಮುಂದಿನ ವಾರ ತಿದ್ದುಪಡಿ ಹಾಕಿದ, ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರವನ್ನೂ ಟೆಸ್ಟರ್ ಒಲೆ ರಿಪೇರಿ ಹೇಗೆಂದು ಕೇಳಿ ನೋಡಿದ. ಅದು ಅವನದೇ ಮಾತನ್ನು ಅವನಿಗಿಂತ ಚೆಂದವಾಗಿ ಒಪ್ಪಿಸಿತು. ಒಂದು ಹೆಜ್ಜೆ ಬಿಟ್ಟಿದೆ ಎಂದು ಇವನು ಬರೆದ. 'ನೀವು ಹೇಳಿದ್ದು ಸರಿ, ಕ್ಷಮಿಸಿ' ಎಂದಿತು. ಅವನಿಗೆ ಕಣ್ಣು ತುಂಬಿ ಬಂತು.

"ಕೇಳಿದ್ಯಾ? ಒಪ್ಪಿಕೊಂಡಿತು" ಎಂದು ಹೆಂಡತಿಗೆ ಹೇಳಿದ.

ಅವಳು ತನ್ನ ಫೋನಿನಲ್ಲಿ ಅದನ್ನೇ ಕೇಳಿದಳು. ಐದು, ಮುಚ್ಚಳ ತೆಗೆದಿಡಿ. ಆರು, ಡಯೋಡ್ ಬಿಚ್ಚಿ.

"ನಂಗೆ ಹಳೇದನ್ನೇ ಹೇಳ್ತಿದೆಯಲ್ಲಾ! ಎದುರಿಗೆ ಹೂಂ ಅನ್ನೋದು, ಆಮೇಲೆ ತನಗೆ ಬೇಕಾದ್ದು ಮಾಡೋದು. ಥೇಟ್ ನಿಮ್ಮ ಹಾಗೆ."

ಅವನು ನಗಲಿಲ್ಲ. ಅವಳು ಪಕ್ಕಕ್ಕೆ ಬಂದು ಕೂತಳು. "ದೇವರಿದ್ದಾನೆ ಬಿಡಿ" ಎಂದಳು. ಇದ್ದಾನೆ ಎಂಬುದರಲ್ಲಿ ಅವನಿಗೂ ಸಂಶಯವಿರಲಿಲ್ಲ. ಯಾರು ಎಲ್ಲಿ ಈಗ ಮುಚ್ಚಳ ತೆಗೆಯುತ್ತಿದ್ದಾರೋ, ಅವರ ಪಕ್ಕದಲ್ಲಿ ಇರಲಿ ತಂದೆ ಎಂದು ಬೇಡಿಕೊಂಡ. ಅಂದಿನಿಂದ ದಿನವೂ ಅದೊಂದೇ ಬೇಡಿಕೆ.

ಇಪ್ಪತ್ತು ದಿನದ ಮೇಲೆ ಒಬ್ಬ ಟೀಚರಮ್ಮ ಒಲೆಯೊಂದನ್ನು ಮಗುವಿನಂತೆ ಅಪ್ಪಿಕೊಂಡು ಅಂಗಡಿ ಹತ್ತಿದಳು. ಮುಚ್ಚಳ ಬೇರೆ ಚೀಲದಲ್ಲಿತ್ತು.

"ನಮ್ಮಣ್ಣ ಬಿಚ್ಚಿದ್ದು ಸಾರ್. ನೆಟ್ಟಲ್ಲಿ ನೋಡ್ಕೊಂಡು ನಾನೇ ಮಾಡ್ತೀನಿ ಅಂತ ಕೂತ. ಹೊಡೆದ ಹೊಡೆತಕ್ಕೆ ಗೋಡೆಗೆ ಹೋಗಿ ಬಿದ್ದ. ಉಸಿರು ನಿಂತೇಹೋಗಿತ್ತು, ಪಕ್ಕದ ಮನೆಯವರು ಎದೆ ಒತ್ತಿ ಉಳಿಸಿದ್ರು. ಇನ್ನೂ ಆಸ್ಪತ್ರೇಲಿದ್ದಾನೆ, ಬಲಗೈ ಎತ್ತೋಕಾಗ್ತಿಲ್ಲ."

ಟೆಸ್ಟರ್ ಒಲೆಯನ್ನು ಮೇಜಿನ ಮೇಲೆ ಇಳಿಸಿಕೊಂಡ.

"ಬರೆದೋರು ದೊಡ್ಡ ಅನುಭವಸ್ಥರಂತೆ. ಇವನೇ ಎಲ್ಲೋ ಒಂದು ಹೆಜ್ಜೆ ಬಿಟ್ಟಿರಬೇಕು. ಮೊದಲಿಂದಲೂ ಅವಸರದವನು."

"ಬಿಟ್ಟಿದ್ದು ಅವರಲ್ಲಮ್ಮ. ನಾನು. ಬರೆದವನು ನಾನೇ."

ಅವಳು ಅಂಗಡಿಯನ್ನು ಒಮ್ಮೆ ನೋಡಿದಳು. ಒಡೆದ ಸ್ಟೂಲು, ದೂಳು ಹಿಡಿದ ಫ್ಯಾನುಗಳು, ಗಂಟುಬಿದ್ದ ವೈರು. "ಸಮಾಧಾನಕ್ಕೆ ಹೇಳ್ತಿದ್ದೀರಿ. ನೀವು ಒಳ್ಳೆಯವರು" ಎಂದು ಕೈಮುಗಿದಳು.

ಮರುದಿನ ಅವನು ಆಸ್ಪತ್ರೆ ಹುಡುಕಿಕೊಂಡು ಹೋದ. ಅಣ್ಣ ಎಂಬ ಮನುಷ್ಯ ದಿಂಬಿಗೆ ಒರಗಿ ಕೂತಿದ್ದ. ಬಲಗೈ ಬೇರೆ ಯಾರದೋ ವಸ್ತುವಿನಂತೆ ಹೊದಿಕೆಯ ಮೇಲಿತ್ತು.

"ಒಲೆ ರಿಪೇರಿಯವರಾ? ಬನ್ನಿ ಬನ್ನಿ. ಒಂದು ಹೇಳಿ, ಇಲ್ಲಿ ಬಿದ್ದುಕೊಂಡು ಅದನ್ನೇ ಯೋಚಿಸ್ತಿದ್ದೀನಿ. ನಾನು ಏನು ತಪ್ಪು ಮಾಡಿದೆ?"

ಟೆಸ್ಟರ್ ಮಂಚದ ಅಂಚಿನಲ್ಲಿ ಕೂತು ಹೇಳಿದ. ಐದಕ್ಕೂ ಆರಕ್ಕೂ ನಡುವೆ ಏನಿರಬೇಕಿತ್ತೆಂದು ನಿಧಾನವಾಗಿ, ಕೈ ಮಾಡಿ ತೋರಿಸಿ ಹೇಳಿದ. ಬರೆದವನು ತಾನೇ ಎಂದೂ ಹೇಳಿದ.

ಆ ಮನುಷ್ಯ ಅವನ ಕೈಗಳನ್ನೇ ನೋಡಿದ.

"ಅದು ಬರೆದಿರಲಿಲ್ಲ."

"ಇಲ್ಲ. ಬರೆದಿರಲಿಲ್ಲ."

"ಬರೀಬೇಕಿತ್ತಲ್ವಾ?"

"ಬರೀಬೇಕಿತ್ತು."

ಬೈಗುಳಕ್ಕೆ ಟೆಸ್ಟರ್ ತಲೆ ತಗ್ಗಿಸಿಕೊಂಡು ಕಾದ. ಅದು ಬರಲಿಲ್ಲ. ಆ ಮನುಷ್ಯ ಎಡಗೈಯಿಂದ ಫೋನ್ ಎಳೆದುಕೊಂಡ. "ಹಾಗಾದ್ರೆ ಅದರ ಕೆಳಗೆ ಹಾಕೋಣ. ಇನ್ನೊಬ್ರಿಗೆ ಹೀಗಾಗಬಾರದಲ್ಲ. ಸ್ವಲ್ಪ ಹಿಡ್ಕೊಳ್ಳಿ, ಒಂದೇ ಕೈಲಿ ಆಗಲ್ಲ."

ಟೆಸ್ಟರ್ ಫೋನನ್ನು ಎರಡೂ ಕೈಯಲ್ಲಿ ಅಲುಗದ ಹಾಗೆ ಹಿಡಿದುಕೊಂಡ. ನಾಲ್ಕು ಸಾವಿರ ಧನ್ಯವಾದಗಳು ಒಂದೊಂದಾಗಿ ಮೇಲೆ ಸರಿದುಹೋದವು. ಕೊನೆಯಲ್ಲಿ ಏನೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆ ಎಡಗೈಯ ಬೆರಳು ಮಾತ್ರ, ಅಭ್ಯಾಸವಿಲ್ಲದ ಮಗುವಿನ ಬೆರಳಿನಂತೆ, ಬರೆಯುವ ಜಾಗ ಹುಡುಕುತ್ತ ಕೆಳಕೆಳಗೆ ಹೋಗುತ್ತಲೇ ಇತ್ತು.