ಹದಿನಾಲ್ಕನೇ ನಂಬರಿನ ಅಂಗಿ

ನಮ್ಮ ಲಾಂಡ್ರಿಗೆ ಪೊಲೀಸ್ ಠಾಣೆಯ ಬಟ್ಟೆ ಬರುತ್ತದೆ. ಒಗೆಯುವ ಮೊದಲು ಜೇಬು ತಡಕುವುದು ನನ್ನ ಗಂಡನ ಕೆಲಸವಾಗಿತ್ತು. ಒಂದು ಪೆನ್ನು ಕಣ್ತಪ್ಪಿದರೆ ನಲವತ್ತು ಅಂಗಿ ನೀಲಿಯಾಗುತ್ತವೆ. ಅವರೋ, ಹೊಲಿಗೆ ಸಂದಿಯಲ್ಲಿ ಸಿಕ್ಕಿಕೊಂಡ ಗುಂಡಿಯನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವರನ್ನು ಜೇಬಿನ ಸಾಹೇಬರು ಎಂದು ರೇಗಿಸುತ್ತಿದ್ದರು, ನಾನೂ ಸೇರಿ. ಏನಾದರೂ ಸಿಕ್ಕರೆ, ಯಾರ ಕೈಗೆ ಸಿಕ್ಕಿತೋ ಅವರೇ ಠಾಣೆಗೆ ಹೋಗಿ, ಸಹಿ ಹಾಕಿ ಕೊಡಬೇಕು. ಹಿಂದೊಮ್ಮೆ ಕೈ ಬದಲಾಗಿ ಉಂಗುರವೊಂದು ಕಳೆದು ರಂಪವಾದ ಮೇಲೆ ಮಾಲೀಕರು ಮಾಡಿದ ನಿಯಮ ಅದು. ಆರು ವರ್ಷದಲ್ಲಿ ಸಾಹೇಬರು ಎಷ್ಟು ಸಲ ಹೋಗಿಬಂದರೋ, ಲೆಕ್ಕವಿಲ್ಲ. ಅಲ್ಲಿ ಅವರಿಗೆ ಚಹಾ ಬೇರೆ ಸಿಗುತ್ತಿತ್ತು.

ನಮ್ಮಿಬ್ಬರಿಗೂ ಈ ದೇಶದಲ್ಲಿರಲು ಕಾಗದವಿಲ್ಲ. ಅದನ್ನು ಕೇಳುವುದು ಊರಿನ ಪೊಲೀಸರ ಕೆಲಸವಾಗಿರಲಿಲ್ಲ. ಅವರು ಕಳ್ಳರನ್ನು ನೋಡಿಕೊಳ್ಳುತ್ತಿದ್ದರು, ನಾವು ಅವರ ಕಾಲರಿನ ಕೊಳೆ ನೋಡಿಕೊಳ್ಳುತ್ತಿದ್ದೆವು. ಆ ಸೋಮವಾರ ಹೊಸ ಆದೇಶ ಬಂತು: ಠಾಣೆಯ ಮೆಟ್ಟಿಲು ಹತ್ತಿದವರೆಲ್ಲ ಕಾಗದ ತೋರಿಸಬೇಕು, ದೂರು ಕೊಡಲು ಬಂದವರೂ ಸೇರಿ.

ಬುಧವಾರ ಹದಿನಾಲ್ಕನೇ ನಂಬರಿನ ಅಂಗಿಯಲ್ಲಿ, ಅದನ್ನು ತೊಡುವ ಹವಾಲ್ದಾರನ ಗುರುತಿನ ಕಾರ್ಡು ಸಿಕ್ಕಿತು. ಸಾಹೇಬರು ಅದನ್ನು ಹಿಡಿದುಕೊಂಡು ಹಿಂದೆಮುಂದೆ ನೋಡುತ್ತ ನಿಂತರು. ಕಳಿಸಿದ್ದು ನಾನು. ಈ ನಾಲಿಗೆ ಅವತ್ತೇ ಬಿದ್ದುಹೋಗಬಾರದಿತ್ತೇ.

"ನಮ್ಮ ಹತ್ರ ಇಟ್ಕೊಂಡ್ರೆ ಕದ್ದಿದ್ದು ಅಂತಾರೆ. ಕೊಟ್ಟು ಬಂದ್ಬಿಡಿ, ನಿಮ್ಮನ್ನ ಗೊತ್ತಿಲ್ದೋರು ಯಾರಿದಾರೆ ಅಲ್ಲಿ?" ಎಂದೆ.

ಮುಂದಿನದನ್ನು ಅವರನ್ನು ಕರೆದೊಯ್ದ ನಮ್ಮ ಲಾಂಡ್ರಿ ವ್ಯಾನಿನ ಡ್ರೈವರ್ ಬಂದು ಹೇಳಿದ. ಹವಾಲ್ದಾರ ಕಾರ್ಡು ತೆಗೆದುಕೊಂಡು ಬೆನ್ನು ತಟ್ಟಿದನಂತೆ, ಚಹಾ ತರಿಸಿದನಂತೆ. ಆಮೇಲೆ ಮುಖ ತಗ್ಗಿಸಿ, ನಿಮ್ಮದೂ ತೋರಿಸಬೇಕಲ್ಲ ಎಂದನಂತೆ. ಒಳಗೆ ಕೂಡಿಹಾಕಿದ್ದಾರೆ ಎಂದು ಹೇಳಿ ಡ್ರೈವರ್ ನನ್ನ ಮುಖ ನೋಡದೆ ಹೋದ.

ಸಾಹೇಬರಿಗೆ ಮೂರ್ಛೆ ರೋಗ. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ನುಂಗದಿದ್ದರೆ ನಿಂತಲ್ಲೇ ಬೀಳುತ್ತಾರೆ. ಗುಳಿಗೆ ಮನೆಯ ಕಿಟಕಿಯ ಮೇಲಿತ್ತು. ಡ್ರೈವರ್ ಕೈಯಲ್ಲಿ ಕಳಿಸಿದೆ. ಸಂಬಂಧಿಕರೇ ಕಾಗದ ಸಮೇತ ಬರಬೇಕೆಂದು ಅವನನ್ನು ವಾಪಸ್ ಕಳಿಸಿದರು. ಮಾಲೀಕರ ಕಾಲು ಹಿಡಿದೆ. ತಾವು ಹೋದರೆ, ಇಂಥವರನ್ನು ಕೆಲಸಕ್ಕೆ ಹೇಗೆ ಇಟ್ಟುಕೊಂಡಿರಿ ಎಂದು ಕೇಳುತ್ತಾರೆಂದು ಅವರು ಕೈಚೆಲ್ಲಿದರು. ನಾನೇ ಠಾಣೆಯ ಎದುರಿನ ರಸ್ತೆಯವರೆಗೆ ಎರಡು ಸಲ ಹೋದೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಎರಡು ಸಲವೂ ತಿರುಗಿ ಬಂದೆ. ಇಷ್ಟು ಹೇಡಿ ಎಂದು ನನಗೇ ಗೊತ್ತಿರಲಿಲ್ಲ.

ಶುಕ್ರವಾರ ಹದಿನಾಲ್ಕನೇ ನಂಬರಿನ ಅಂಗಿ ನನ್ನ ಇಸ್ತ್ರಿ ಮೇಜಿಗೆ ಬಂತು. ಮೊದಲು ಕಾಲರ್, ಆಮೇಲೆ ಭುಜ, ತೋಳು, ಕೊನೆಗೆ ಜೇಬು. ಹತ್ತು ಗುಳಿಗೆಯ ಪಟ್ಟಿಯನ್ನು ಎಡಜೇಬಿಗೆ ಹಾಕಿ, ಜೊತೆಗೊಂದು ಚೀಟಿ ಬರೆದಿಟ್ಟೆ: 'ಅಣ್ಣಾ, ನಿಮ್ಮ ಕಾರ್ಡು ತಂದುಕೊಟ್ಟವರಿಗೆ ಇದು. ಬೆಳಿಗ್ಗೆ ಒಂದು, ಸಂಜೆ ಒಂದು. ತಪ್ಪಿದರೆ ಬೀಳುತ್ತಾರೆ.' ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನ ಗುಂಡಿ ಹಾಕಿದೆ.

ಮುಂದಿನ ಬುಧವಾರ ಠಾಣೆಯ ಬಟ್ಟೆಯ ಮೂಟೆ ಬಂತು. ಜೇಬು ತಡಕುವ ಕೆಲಸ ಈಗ ನನ್ನದು. ಹದಿನಾಲ್ಕನೇ ಅಂಗಿ ಬೆವರಿನ ವಾಸನೆ ಹೊಡೆಯುತ್ತಿತ್ತು, ಹಾಗಾದರೆ ತೊಟ್ಟಿದ್ದಾನೆ. ಎಡಜೇಬಿಗೆ ಕೈ ಹಾಕಿದೆ. ಪಟ್ಟಿ ಸಿಕ್ಕಿತು. ಎಣಿಸಿದೆ, ಹತ್ತೂ ಇದ್ದವು. ಚೀಟಿಯೂ ಇತ್ತು, ಆದರೆ ಈಗ ಎರಡೇ ಮಡಿಕೆ. ಅವನು ಓದಿದ್ದಾನೆ. 

ಏನು ಸಿಕ್ಕಿತೆಂದು ಮಾಲೀಕರು ತಮ್ಮ ಮೇಜಿನಿಂದಲೇ ಕೇಳಿದರು. ಗುಳಿಗೆ ಎಂದೆ.

"ಪೊಲೀಸರದ್ದಮ್ಮ, ನಾವು ಇಟ್ಕೋಬಾರ್ದು. ಯಾರು ಹೋಗಿ ಕೊಟ್ಟು ಬರ್ತೀರಿ?"

ಅದು ಅವರ ಬಾಯಿಗೆ ರೂಢಿಯಾದ ಮಾತು. ಆಡಿದ ಮೇಲೆ ಅವರಿಗೂ ಹೊಳೆದಿರಬೇಕು, ರಸೀದಿ ಪುಸ್ತಕ ತಿರುವತೊಡಗಿದರು. ಇಸ್ತ್ರಿ ಹಾಕುತ್ತಿದ್ದವರು ಯಾರೂ ತಲೆಯೆತ್ತಲಿಲ್ಲ. ನಾನು ಗುಳಿಗೆಯ ಪಟ್ಟಿಯನ್ನು ನನ್ನ ಬಳಿಯೇ ಇಟ್ಟುಕೊಂಡು, ಅಂಗಿಯನ್ನು ಯಂತ್ರಕ್ಕೆ ಹಾಕಿ ಬಾಗಿಲು ಮುಚ್ಚಿದೆ.