ಮೇಷ್ಟ್ರ ಬಾಯಿ ಮುಚ್ಚಿಸುವುದು ಹೇಗೆ

ಬೀದಿಯವರೆಲ್ಲ ಅವಳನ್ನು ಕರೆಯುವುದು ರಿಪೇರಿಯಮ್ಮ ಎಂದು. ಹರಿದದ್ದು, ಸಡಿಲವಾದದ್ದು, ಜಿಪ್ ಕಿತ್ತುಹೋದದ್ದು, ಏನಿದ್ದರೂ ಅವಳ ಹೊಲಿಗೆ ಯಂತ್ರದ ಮುಂದೆ ಬಂದು ಬೀಳುತ್ತಿತ್ತು. ಆದರೆ ಇಡೀ ಬಟ್ಟೆಗೆ ಕತ್ತರಿ ಹಾಕಿ ಹೊಸದೊಂದನ್ನು ಹೊಲಿದವಳಲ್ಲ. ಕಲಿಸುವವರು ಸಿಗಲಿಲ್ಲ, ಸಿಕ್ಕವರು ಗುಟ್ಟು ಬಿಡಲಿಲ್ಲ. ಆಸೆ ಮಾತ್ರ ಹೊಟ್ಟೆಯೊಳಗೆ ಬೆಚ್ಚಗೆ ಕೂತಿತ್ತು.

ಸೊಸೆಗೆ ಅದು ಗೊತ್ತಾದದ್ದೇ ತಡ, ಫೋನಿನಲ್ಲಿ ಪುಕ್ಕಟೆ ಕೋರ್ಸೊಂದಕ್ಕೆ ಅತ್ತೆಯ ಹೆಸರು ಸೇರಿಸಿದಳು. ಕೋಟು ಹೊಲಿಯುವ ಪಾಠ. ಯಾರು ಬೇಕಾದರೂ ಕಲಿಯಬಹುದು, ವಯಸ್ಸು ಕೇಳುವವರಿಲ್ಲ. ಮೊದಲ ಕೋಟು ತನಗೇ ಆಗಬೇಕೆಂದು ನೀಲಿ ಉಣ್ಣೆ ಬಟ್ಟೆಯನ್ನೂ ತಂದಿಟ್ಟಳು.

ಬಟ್ಟೆಯ ಮಡಿಕೆ ಬಿಚ್ಚಲೇ ಇಲ್ಲ. ಅತ್ತೆ ದಿನಾ ಮಧ್ಯಾಹ್ನ ಫೋನನ್ನು ಯಂತ್ರಕ್ಕೆ ಒರಗಿಸಿ ಕೂರುತ್ತಾಳೆ, ಮೇಷ್ಟ್ರು ಪಟಪಟನೆ ಹೇಳಿ ಮುಗಿಸುತ್ತಾರೆ, ಇವಳು ಕತ್ತರಿ ಕೈಗೆತ್ತಿಕೊಳ್ಳುವಷ್ಟರಲ್ಲಿ ತಲೆಯಲ್ಲಿ ತೋಳಿನ ಪಾಠಕ್ಕೂ ಕಾಲರಿನ ಪಾಠಕ್ಕೂ ಗಂಟು ಬಿದ್ದಿರುತ್ತದೆ. ಅನುಮಾನ ಬರೆದು ಕೇಳುವ ಜಾಗದಲ್ಲಿ ಕೇಳಿ ನೋಡಿದಳು. ಅಲ್ಲಿ ಇವಳಂಥವರ ಪ್ರಶ್ನೆಗಳೇ ರಾಶಿ ಬಿದ್ದಿದ್ದವು, ಉತ್ತರ ಹೇಳುವವರಿಲ್ಲ. ಕೊನೆಗೊಂದು ಸಂಜೆ, ಬಟ್ಟೆ ವಾಪಸು ಕೊಟ್ಟುಬಿಡು, ನನ್ನ ತಲೆಗೆ ತೇಪೆ ಹಾಕೋ ಕೆಲಸವೇ ಸರಿ ಎಂದಳು.

ರಜಾದಿನ ಸೊಸೆ ಪಕ್ಕದಲ್ಲೇ ಕೂತು ನೋಡಿದಳು. ಅತ್ತೆ ಕೂದಲು ಸರಿಮಾಡಿಕೊಂಡು, ಕೈಕಟ್ಟಿ ಕೂತವಳು ಪಾಠ ಮುಗಿಯುವವರೆಗೆ ಮಿಸುಕಲಿಲ್ಲ. ನಡುವೆ ಕೆಮ್ಮು ಬಂದರೂ ನುಂಗಿಕೊಂಡಳು.

“ಅಲ್ಲಲ್ಲಿ ನಿಲ್ಲಿಸ್ಕೊಂಡು ಕತ್ತರಿಸಬಾರ್ದಾ ಅತ್ತೆ?”

“ಪಾಠ ಹೇಳ್ತಿರೋರ ಬಾಯಿ ಮುಚ್ಚಿಸೋದಾ? ಪಾಪ, ಪುಕ್ಕಟೆ ಬೇರೆ ಹೇಳ್ತಿದ್ದಾರೆ.”

ಸೊಸೆಗೆ ನಗು ಬಂತು. ಇದು ಯಾವತ್ತೋ ತೆಗೆದಿಟ್ಟ ವಿಡಿಯೊ, ನಿಲ್ಲಿಸಿದರೆ ಅವರಿಗೆ ಗೊತ್ತೇ ಆಗಲ್ಲ ಎಂದು ತಿಳಿಸಿ ಹೇಳಿದಳು. ಅತ್ತೆ ತಲೆಯಾಡಿಸಿ, ಬೆರಳನ್ನು ಪರದೆಯ ಹತ್ತಿರ ಒಯ್ದು, ಮೇಷ್ಟ್ರ ಮುಖ ನೋಡಿ ಹಿಂದಕ್ಕೆಳೆದುಕೊಂಡಳು. ಮನಸ್ಸು ಒಪ್ಪದ್ದಕ್ಕೆ ಬೆರಳು ಏನು ಮಾಡೀತು?

ಸೊಸೆ ಫೋನೆತ್ತಿಕೊಂಡು ಒಳಗೆ ಹೋದಳು. ಪಾಠವನ್ನು ತಿರುಗಿ ತಿರುಗಿ ಕೇಳಿ, ಬಾಯಿಪಾಠ ಮಾಡಿಕೊಂಡು ಬಂದು ಅತ್ತೆಯ ಎದುರು ಕೂತಳು.

“ಇನ್ಮೇಲೆ ಮೇಷ್ಟ್ರು ನಾನೇ. ನನ್ನ ಬಾಯಿ ಮುಚ್ಚಿಸೋದು ನಿಮಗೇನು ಹೊಸದಲ್ಲವಲ್ಲ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ನೀಲಿ ಬಟ್ಟೆ ಮೇಜಿನ ಮೇಲೆ ಹರಡಿತು. ಸೊಸೆ ಒಂದು ಮಾತು ಹೇಳುವುದು, ಅತ್ತೆ ಅಡ್ಡಬಾಯಿ ಹಾಕುವುದು: ಹೊಲಿಗೆಗೆ ಎಷ್ಟು ಅಂಚು ಬಿಡಬೇಕಂತೆ, ಬೆನ್ನಿನ ನಡು ಬಟ್ಟೆ ಮಡಿಚಿದ ಅಂಚಿಗೇ ಬರಬೇಕಂತಾ, ಇನ್ನೊಂದ್ಸಲ ಹೇಳು. ಗೊತ್ತಿಲ್ಲದ್ದನ್ನು ಸೊಸೆ ಒಳಗೆ ಓಡಿ ಮೇಷ್ಟ್ರನ್ನು ಕೇಳಿಕೊಂಡು ಬರುವಳು. ಹೀಗೇ ಬೆನ್ನಿನ ಗೆರೆ ಸೀಮೆಸುಣ್ಣದಲ್ಲಿ ಮೂಡಿತು.

ಕತ್ತರಿ ಬಟ್ಟೆಯ ಅಂಚಿಗೆ ಬಂದು ನಿಂತಿತು. ಅತ್ತೆ ಅದನ್ನು ಒತ್ತದೆ, ಗೆರೆಯನ್ನು ಮತ್ತೊಮ್ಮೆ ಬೆರಳಿನಿಂದ ಅಳೆದು ನೋಡಿದಳು. ಅದನ್ನು ಕಂಡು ಸೊಸೆ ಮಾತು ನಿಲ್ಲಿಸಿದಳು.

“ಸುಮ್ನಾಗ್ಬೇಡ ಕಣೇ,” ಎಂದಳು ಅತ್ತೆ, ಗೆರೆಯಿಂದ ಕಣ್ಣು ಕೀಳದೆ. “ನಿನ್ನ ದನಿ ಕೇಳ್ತಿದ್ರೆ ಧೈರ್ಯ.”

ಸೊಸೆ ಹೇಳಿದ್ದನ್ನೇ ಮತ್ತೆ ಹೇಳತೊಡಗಿದಳು. ಕತ್ತರಿ ಹೊರಟಿತು, ನೀಲಿ ಬಟ್ಟೆ ಮೆಲ್ಲಗೆ ಎರಡಾಗುತ್ತ ಹೋಯಿತು.