ಸಕ್ಕರೆ ಡಬ್ಬಿಯ ಬಾಗಿಲು

ಚಪಾತಿ ಹಿಟ್ಟು ಕಲಸುತ್ತಿದ್ದೆ. ಅತ್ತೆ ಬೀರಕ್ಕ ಬ್ಯಾಗ್ ಹಿಡಿದು ಅಡುಗೆಮನೆಗೆ ಬಂದರು.

"ಕಲ್ಯಾಣದುರ್ಗಕ್ಕೆ ಹೋಯ್ತೀನಿ ಕಣಮ್ಮ."

ಯುಗಾದಿವರೆಗೆ ಇರುತ್ತೇನೆಂದು ನಿನ್ನೆಯಷ್ಟೇ ತಮ್ಮೂರಿಂದ ಹಿಂದೂಪುರದ ನಮ್ಮ ಮನೆಗೆ ಬಂದವರು.

"ಯಾಕತ್ತೆ, ಏನಾಯ್ತು?"

"ಕಾಪಿಗೆ ಸಕ್ರೆ ತಕ್ಕಳಾನ ಅಂತ ಕಪಾಟಿನ್ ಬಾಗ್ಲು ಎಳುದ್ರೆ ಒಂದ್ ಬೆರಳಷ್ಟು ಬಂದು ನಿಂತ್ಬುಡ್ತು. ಸಕ್ರೆಗೂ ಬೀಗ ಹಾಕೋ ಮನೇಲಿ ನಂಗೇನಮ್ಮ ಕೆಲ್ಸ?"

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಮಗಳು ಮೋಕ್ಷಾ ಒಮ್ಮೆ ಫಿನಾಯಿಲ್ ಬಾಟಲಿ ಎಳೆದುಕೊಂಡಿದ್ದಳು. ಆಮೇಲೆ ಎಲ್ಲ ಕಪಾಟಿಗೂ ಒಳಗಡೆ ಪ್ಲಾಸ್ಟಿಕ್ ಲಾಕು ಹಾಕಿಸಿದ್ದೆವು. ಸಂದಿಯಲ್ಲಿ ಬೆರಳಿಟ್ಟು ಕೊಕ್ಕೆ ಒತ್ತಿದರೆ ಸಾಕು, ತೆರೆಯುತ್ತದೆ. ಬಂದ ಕೂಡಲೇ ಅತ್ತೆಗೆ ತೋರಿಸಬೇಕಿತ್ತು. ನನ್ನನ್ನು ಕೇಳಲು ಅವರಿಗೆಷ್ಟು ಸಂಕೋಚವಾಯಿತೋ.

"ಅದು ಮಗೂಗೆ ಅಂತ ಹಾಕ್ಸಿದ್ದು ಅತ್ತೆ, ನಿಮ್ಮಾಣೆ!"

"ಪರ್ವಾಲೇದು ಬಿಡಮ್ಮ. ನಿನ್ ಮನೆ, ನಿನ್ ಬೀಗ."

ಬಾಗಿಲಲ್ಲಿ ನಿಂತಿದ್ದ ಮೋಕ್ಷಾ ಓಡಿಬಂದಳು. ಸಂದಿಯಲ್ಲಿ ಪುಟ್ಟ ಬೆರಳಿಟ್ಟು ಟಕ್ಕನೆ ಕಪಾಟು ತೆರೆದಳು. ಸಕ್ಕರೆ ಡಬ್ಬಿ ಎತ್ತಿ ಅಜ್ಜಿಯ ಕೈಗಿಟ್ಟಳು.

ಅತ್ತೆ ನನ್ನ ಮುಖ ನೋಡಿದರು. ಮೋಕ್ಷಾಳೂ ನೋಡಿ ಕೇಳಿದಳು:

"ನಂಗೆ ತೆಗ್ಯಾಕೆ ಬತ್ತೈತಲ್ಲಮ್ಮ. ಮತ್ತೆ ಇದು ಯಾರಿಗೆ ಹಾಕ್ಸಿದ್ದು?"